ಮಗಳ ಹಿಂದೆ ಹಗ್ಗ ಹಿಡಿದು ನಡೆಯುವ ಮಾಯಿಲಪ್ಪ

ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಏರುವ ರಸ್ತೆಯ ಬದಿಯ ಒಂದು ಕಾಫಿ ತೋಟ. ಬೆಳಕು ಈಗಷ್ಟೇ ಹರಿಯುತ್ತಿದೆ. ಹಣ್ಣು ಕೊಯ್ಯುವ ಪಿಕಿಂಗ್‌ಗೆ ಹೋಗುವ ಹೆಂಗಸರು ಕೂಲಿಯವರ ಲೈನ್‌ಮನೆಗಳಿಂದ ಇನ್ನೂ ಹೊರಟಿಲ್ಲ. ಕಡಿದು ಉರುಳಿಸಿದ ಸಿಲ್ವರ್ ಓಕ್ ಮರದ ಬುಡದಲ್ಲಿ ಮಾಯಿಲಪ್ಪ ಮಂಡಿಯೂರಿ ಸರಪಳಿ ಬಿಗಿಯುತ್ತಿದ್ದಾರೆ. ಬಿಗಿದದ್ದನ್ನು ಒಮ್ಮೆ ಒದ್ದು ನೋಡುತ್ತಾರೆ. ನಂಬಿಕೆ ಬರಲಿಲ್ಲವೇನೋ, ಮತ್ತೊಮ್ಮೆ ಒದೆಯುತ್ತಾರೆ. ಆಮೇಲೆ ಟ್ರ್ಯಾಕ್ಟರಿನ ಹಿಂಬದಿಗೆ ಬಂದು ಸರಪಳಿಯ ಇನ್ನೊಂದು ತುದಿಯನ್ನು ಮೇಲಿನ ಕೊಂಡಿಗೆ ಸಿಕ್ಕಿಸಬೇಕು. ಅಲ್ಲಿ ಅವರ ಕೈ ನಿಲ್ಲುತ್ತದೆ.

"ಇದೇ ಕೊಂಡಿ ಸ್ವಾಮಿ, ನನ್ನ ಮಗಳನ್ನ ಕೊಲ್ಲೋದ್ರಲ್ಲಿದ್ದದ್ದು," ಎನ್ನುತ್ತಾರೆ.

ಘಟ್ಟದ ಇಳಿಜಾರಿನಲ್ಲಿ ಮರ ಎಳೆಯುವವರೆಲ್ಲ ಸರಪಳಿಯನ್ನು ಮೇಲಕ್ಕೇ ಕಟ್ಟುವುದು. ಹಾಗೆ ಕಟ್ಟಿದರೆ ದಿಮ್ಮಿಯ ಮೂತಿ ನೆಲ ಬಿಟ್ಟು ಏಳುತ್ತದೆ. ಕಲ್ಲಿಗೂ ಕಾಫಿ ಬುಡಕ್ಕೂ ತಗುಲದೆ ಹಿಂದೆ ಬರುತ್ತದೆ. ಇಳಿಜಾರಾದ್ದರಿಂದ ಮರ ತಾನೂ ಜಾರುತ್ತದೆ, ಟ್ರ್ಯಾಕ್ಟರಿಗೆ ಭಾರ ಕಾಣುವುದಿಲ್ಲ. ಮಾಯಿಲಪ್ಪ ಮೀಸೆ ಬಂದ ಕಾಲದಿಂದ ಮಾಡಿಕೊಂಡು ಬಂದ ಕೆಲಸ ಇದು. ಬೆಳಗ್ಗೆ ಮರ, ಆಮೇಲೆ ಕಾಫಿ ಮೂಟೆ, ಮಳೆಗಾಲದಲ್ಲಿ ಬಾಡಿಗೆಗೆ ಗದ್ದೆ ಉಳುಮೆ. ಈ ಭಾಗದ ಎಷ್ಟು ಮನೆಗಳ ಮಾಡಿಗೆ ಮರ ತಂದು ಹಾಕಿದವರು ಇವರು ಎಂದು ಆ ಮನೆಗಳವರಿಗೇ ನೆನಪಿಲ್ಲ.

ಟ್ರ್ಯಾಕ್ಟರ್ ಎಳೆತದ ಹುಚ್ಚು ಹಿಡಿದದ್ದು ಮಗಳು ರಮ್ಯಳಿಗೆ. ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಯುವ ಈ ಪಂದ್ಯ ನೋಡಲು ಬಲು ಸರಳ. ಗದ್ದೆ ಸಮ ಮಾಡುವ ಹಲಗೆಯನ್ನೇ ಹತ್ತು ಪಾಲು ದೊಡ್ಡದು ಮಾಡಿ, ಅದರ ಮೇಲೆ ಮರಳಿನ ಚೀಲ ಹೇರಿ, ಉದ್ದ ಸರಪಳಿಯಿಂದ ಟ್ರ್ಯಾಕ್ಟರಿಗೆ ಕಟ್ಟುತ್ತಾರೆ. ಟ್ರ್ಯಾಕ್ಟರ್ ಮುಂದೆ ಹೋದಂತೆ ದಾರಿಯಲ್ಲಿ ನಿಂತ ಹುಡುಗರು ಒಬ್ಬೊಬ್ಬರಾಗಿ ಹಲಗೆ ಹತ್ತುತ್ತಾರೆ. ಭಾರ ಏರುತ್ತಾ ಏರುತ್ತಾ ಟ್ರ್ಯಾಕ್ಟರ್ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಆಟ ಮುಗಿಯಿತು. ಹೆಚ್ಚು ದೂರ ಹೋದವರು ಗೆದ್ದರು.

ದುಡ್ಡಿದ್ದವರು ಹೊಸ ಗಾಡಿ ಇಳಿಸುತ್ತಾರೆ. ಮಾಯಿಲಪ್ಪನವರ ಗಾಡಿ, ಈಗ ಮರ ಎಳೆಯುವುದೂ ಇದೇ, ಒಂದು ಎಸ್ಟೇಟಿನ ಶೆಡ್ಡಿನಲ್ಲಿ ಕೋಳಿಗೂಡಾಗಿ ಬಿದ್ದಿತ್ತು. ಗುಜರಿ ಬೆಲೆಗೆ ತಂದರು. ಅಪ್ಪ ಮಗಳು ಅಂಗಳದಲ್ಲೇ ಇಂಜಿನ್ ಬಿಚ್ಚಿದರು. ಹಿಂದಿನ ಟೈರುಗಳು ಅರ್ಧ ಸವೆದಿದ್ದವು, ಭಾರಕ್ಕೆಂದು ಅವುಗಳೊಳಗೆ ನೀರು ತುಂಬಿದರು. ಮುಂದಿನ ಚಕ್ರ ಏಳದಂತೆ ಟ್ರ್ಯಾಕ್ಟರಿನ ಮೂತಿಗೆ ಕಟ್ಟುವ ಕಂಪೆನಿ ತೂಕ ಕೊಳ್ಳುವ ಶಕ್ತಿ ಇಲ್ಲ. ಅದರ ಬದಲು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೇ ಪಲ್ಪರ್‌ನ ಕಬ್ಬಿಣದ ಚಕ್ರ ಮತ್ತು ಮನೆಯ ಒಡಕು ಕಡೆಯುವ ಕಲ್ಲು. ಕಲ್ಲು ಕೊಟ್ಟವರು ಮಾಯಿಲಪ್ಪನವರ ಹೆಂಡತಿ ಯಮುನಾ. "ಕಲ್ಲು ಕೇಳಿದ್ರು, ಕೊಟ್ಟೆ. ಮಗಳನ್ನೂ ಅದ್ರ ಜೊತೆ ಕಟ್ತಾರೆ ಅಂತ ಯಾರಿಗೆ ಗೊತ್ತು?" ಎಂದು ಅವರು ಈಗಲೂ ಕೇಳುತ್ತಾರೆ.

ಕಳೆದ ವರ್ಷದ ಮೊದಲ ಪಂದ್ಯ. ಸೀಟಿನಲ್ಲಿ ರಮ್ಯ. ಸರಪಳಿ ಕಟ್ಟಿದ್ದು ಅಪ್ಪ, ಕಟ್ಟಿದ್ದು ಮೇಲಿನ ಕೊಂಡಿಗೆ. ಕೈಗೆ ಹತ್ತಿದ ಅಭ್ಯಾಸ, ತಲೆಯನ್ನು ಕೇಳಲೇ ಇಲ್ಲ. ಆದರೆ ಗದ್ದೆ ಇಳಿಜಾರಲ್ಲ. ಹಲಗೆ ತಾನಾಗಿ ಜಾರುವ ಮರವಲ್ಲ. ಭಾರ ಹಿಂದಕ್ಕೆ ಜಗ್ಗಿದ್ದೇ ತಡ, ಮುಂದಿನ ಚಕ್ರಗಳು ಎದ್ದವು. ಎದ್ದವು ಎಂದರೆ ಒಂದು ಗೇಣಲ್ಲ. ಟ್ರ್ಯಾಕ್ಟರ್ ಕುದುರೆಯಂತೆ ನೆಟ್ಟಗೆ ನಿಂತಿತು. ಕಡೆಯುವ ಕಲ್ಲು ಆಕಾಶ ನೋಡಿತು. ಇನ್ನೊಂದು ಉಸಿರು ತಡವಾಗಿದ್ದರೆ ಅಷ್ಟೂ ಕಬ್ಬಿಣ ಆ ಹುಡುಗಿಯ ಎದೆ ಮೇಲೆ ಮಗುಚುತ್ತಿತ್ತು. ರಮ್ಯ ಕ್ಲಚ್ ತುಳಿದಳು. ಟ್ರ್ಯಾಕ್ಟರ್ ದಬ್ಬೆಂದು ಮುಂದಕ್ಕೆ ಕುಕ್ಕಿತು. ಮುಂದಿನ ಆಕ್ಸಲ್ ಮುರಿಯಿತು, ಅವಳು ಎಗರಿ ಕೂಳೆಯ ಮೇಲೆ ಬಿದ್ದಳು. ಹೆಗಲ ಮೂಳೆ ಮುರಿಯಿತು.

ಆಗ ಜನ ಮಾಡಿದ್ದು ಕೇಳಿ. ಶಿಳ್ಳೆ ಹಾಕಿದರು! ಬಿದ್ದ ಹುಡುಗಿಯನ್ನು ಎತ್ತುವ ಮೊದಲು ಮೊಬೈಲ್ ಎತ್ತಿದರು. ಸಂಜೆಯೊಳಗೆ ಆ ವಿಡಿಯೊ ಹಾಡು ಹಾಕಿಕೊಂಡು ಕೇರಳ ಗಡಿಯ ಮಾಕುಟ್ಟದ ತನಕ ಸುತ್ತಿ ಬಂತು. ನಾಚಿಕೆಯಾಗಬೇಕು. ಆದರೆ ನಾಚಿಕೆಪಟ್ಟವರು ಒಬ್ಬರೇ, ಮಾಯಿಲಪ್ಪ. "ಎಲ್ರೂ ಕೂಗ್ತಿದ್ರು. ನಂಗೆ ಶಬ್ದವೇ ಕೇಳ್ಳಿಲ್ಲ. ಕಾಲು ಹೂತುಹೋದ ಹಾಗೆ ನಿಂತಿದ್ದೆ. ಓಡ್ಬೇಕಾದ ಅಪ್ಪ ನಿಂತಿದ್ದ," ಎನ್ನುತ್ತಾರೆ.

ಮೂಳೆ ಕೂಡಿ, ಗಾಡಿಯ ಆಕ್ಸಲ್ ರಿಪೇರಿಯಾದ ಮೇಲೆ ರಮ್ಯ ಮತ್ತೆ ಸ್ಪರ್ಧಿಸುತ್ತೇನೆ ಎಂದಳು. ಮನೆಯಲ್ಲಿ ಪಾತ್ರೆಗಳು ಮಾತಾಡಿದವು, ಮನುಷ್ಯರು ಮಾತಾಡಲಿಲ್ಲ. ಕೊನೆಗೆ ಮಾಯಿಲಪ್ಪ ಎರಡು ಷರತ್ತು ಹಾಕಿದರು. ಸರಪಳಿಯನ್ನು ಹಿಂದಿನ ಆಕ್ಸಲ್‌ಗಿಂತ ಕೆಳಗಿನ ಕೊಂಡಿಗೇ ಕಟ್ಟಬೇಕು. ಎರಡನೆಯದು ಹಗ್ಗ. ಅವರ ಹಳೇ ಡೀಸೆಲ್ ಇಂಜಿನ್ ನಿಲ್ಲಿಸಲು ಸ್ಟಿಯರಿಂಗ್ ಹತ್ತಿರದ ಗುಂಡಿಯನ್ನು ಎಳೆಯಬೇಕು. ಆ ಗುಂಡಿಗೆ ಹಗ್ಗ ಕಟ್ಟಿ, ಮಡ್‌ಗಾರ್ಡಿಗೆ ಬೆಸೆದ ಬಳೆಯಲ್ಲಿ ತೂರಿಸಿ ಹಿಂದಕ್ಕೆ ಬಿಟ್ಟರು. ಹಗ್ಗದ ತುದಿ ಮಾಯಿಲಪ್ಪನವರ ಮುಷ್ಟಿಯಲ್ಲಿ. ಸರಪಳಿಗೆ ಸಿಗದಷ್ಟು ದೂರದಲ್ಲಿ, ಒಂದು ಬದಿಗೆ, ಮಗಳ ಹಿಂದೆಯೇ ನಡೆಯುವುದು. ಮುಂದಿನ ಚಕ್ರ ಹಾರಿದರೆ ಎಳೆಯುವುದು.

"ಹೊಸಬರು ಬಂದು ಕೇಳ್ತಾರೆ, ಅಣ್ಣ, ಕಡಿಮೆ ಖರ್ಚಲ್ಲಿ ಶುರು ಮಾಡೋದು ಹೇಗೆ ಅಂತ. ಗುಜರಿ ಗಾಡಿ ತಕ್ಕೊಳ್ಳಿ, ತಪ್ಪಿಲ್ಲ. ಪೇಂಟ್ ಬೇಡ, ಶೋಕಿಯ ಸೈಲೆನ್ಸರ್ ಬೇಡ. ಮೊದ್ಲು ಕ್ಲಚ್ಚು, ಬ್ರೇಕು, ಕೊಂಡಿ ನೋಡಿ. ಹಗ್ಗಕ್ಕೆ ಎಂತ ಖರ್ಚುಂಟು? ದನ ಕಟ್ಟುವ ಹಗ್ಗ ಸಾಕು," ಎನ್ನುತ್ತಾರೆ.

ಈ ವರ್ಷದ ಪಂದ್ಯಕ್ಕೆ ಹಗ್ಗ ಹಿಡಿದು ಗದ್ದೆಗೆ ಇಳಿದಾಗ ಮೈಕ್ ಹಿಡಿದಿದ್ದ ಸಂಘಟಕ ಪೊನ್ನಪ್ಪ ಸುಮ್ಮನಿರಲಿಲ್ಲ. "ಏನು ಮಾಯಿಲಪ್ಪಣ್ಣ, ಟ್ರ್ಯಾಕ್ಟರ್‌ಗೆ ಮೂಗುದಾರ ಹಾಕಿದ್ದೀರಾ? ಹಾಲು ಎಷ್ಟು ಕೊಡ್ತದೆ?"

"ಹಾಲು ಕೊಡೋದಿಲ್ಲ ಮಾರಾಯ, ಹಾಯ್ತದೆ," ಎಂದರು ಮಾಯಿಲಪ್ಪ. ಗದ್ದೆಯೆಲ್ಲ ನಕ್ಕಿತು.

ರಮ್ಯ ಗೇರ್ ಹಾಕಿದಳು. ಹಲಗೆ ಹೊರಟಿತು. ಹುಡುಗರು ಹತ್ತುತ್ತಾ ಹೋದರು. ಅವತ್ತಿನವರೆಗೆ ಅತಿ ಹೆಚ್ಚು ದೂರ ಹೋದ ಟ್ರ್ಯಾಕ್ಟರ್ ನಿಂತಿದ್ದ ಗೆರೆ ಕಣ್ಣೆದುರೇ ಇತ್ತು. ಅಷ್ಟರಲ್ಲಿ ಕೊನೆಯಲ್ಲಿ ನಿಂತ ಹುಡುಗರು, ಒಬ್ಬೊಬ್ಬರೇ ಹತ್ತಬೇಕಾದವರು, ಜೋಶಿನಲ್ಲಿ ಒಟ್ಟಿಗೇ ಹಾರಿದರು. ಹಲಗೆ ನೆಲಕ್ಕೆ ಕಚ್ಚಿತು. ಮುಂದಿನ ಚಕ್ರಗಳು ಗಾಳಿಗೆ ಎದ್ದವು. ಮಾಯಿಲಪ್ಪ ಹಗ್ಗ ಎಳೆದರು.

ಇಂಜಿನ್ ಸತ್ತಿತು. ಚಕ್ರಗಳು ನೆಲಕ್ಕೆ ಬಂದವು. ಗೆರೆಗೆ ನಾಲ್ಕು ಹೆಜ್ಜೆ ಬಾಕಿ.

"ಅಪ್ಪಾ! ಎಂತ ಮಾಡಿದ್ದು ನೀವು? ಕ್ಲಚ್ ಮೇಲೆ ಕಾಲು ಇತ್ತು ನಂದು!"

"ಚಕ್ರ ನೆಲ ಬಿಟ್ಟಿತ್ತು."

"ಒಂದು ಮೊಳ ಬಿಟ್ಟಿತ್ತು! ಅಷ್ಟು ಎಲ್ಲರದ್ದೂ ಬಿಡ್ತದೆ!"

"ಎಲ್ಲರದ್ದು ನಂಗೆ ಬೇಡ."

ಯಾರದು ಸರಿ? ಹೇಳುವವರು ಯಾರೂ ಇಲ್ಲ. ಚಕ್ರ ಅಲ್ಲಿಗೇ ನಿಲ್ಲುತ್ತಿತ್ತೋ, ಮಗುಚುತ್ತಿತ್ತೋ, ಎಳೆದ ಮೇಲೆ ತಿಳಿಯುವ ದಾರಿಯಿಲ್ಲ. ಅವತ್ತು ರಮ್ಯ ಅಪ್ಪನ ಜೊತೆ ಊಟಕ್ಕೆ ಕೂರಲಿಲ್ಲ. ಪೊನ್ನಪ್ಪ ಮಾತ್ರ ಮೈಕ್ ಕೆಳಗಿಟ್ಟು ಬಂದು, ಬೆವರು ಒರೆಸಿಕೊಳ್ಳುತ್ತಾ, "ಅಣ್ಣ, ತಮಾಷೆ ಮಾಡಿದ್ದು ತಪ್ಪಾಯ್ತು," ಎಂದರಂತೆ. ಹಗ್ಗವಿಲ್ಲದ ಗಾಡಿ ಗದ್ದೆಗೆ ಇಳಿಯಬಾರದೆಂಬ ನಿಯಮ ಮಾಡಿ ಎಂದು ಮಾಯಿಲಪ್ಪ ಅಲ್ಲೇ ಕೇಳಿದರು. ಪಂದ್ಯದ ಸಮಿತಿ ಇನ್ನೂ ಯೋಚಿಸುತ್ತಿದೆಯಂತೆ. ಯೋಚಿಸುವುದಕ್ಕೆ ಏನಿದೆ? ಹೆಣ ಬೀಳಬೇಕೇ?

ಈಗ ಅಪ್ಪ ಮಗಳು ಮಾತಾಡುತ್ತಾರೆ. ದಿಮ್ಮಿಯನ್ನು ರಸ್ತೆಗೆ ತಲುಪಿಸಿ ಬಂದ ಮಾಯಿಲಪ್ಪನವರಿಗೆ ರಮ್ಯ ಚಹಾ ಕೊಡುತ್ತಾ ಕೆಣಕುತ್ತಾಳೆ. "ಮುಂದಿನ ವರ್ಷ ಹಗ್ಗಕ್ಕೆ ಬೇರೆ ಜನ ಹುಡುಕ್ತೇನೆ. ನಿಮ್ಮ ಕೈ ಸರಿ ಇಲ್ಲ."

"ಹುಡುಕು," ಎನ್ನುತ್ತಾರೆ ಅವರು, ಲೋಟ ಕೆಳಗಿಟ್ಟು. "ಎಳೆಯೋಕೆ ಹೆದರದವ ಒಬ್ಬ ಸಿಕ್ಕಿದ್ರೆ ನಾನೇ ಬಿಟ್ಟುಕೊಡ್ತೇನೆ. ನೋಡಿ ಸ್ವಾಮಿ, ಇವಳು ಗಾಡಿ ಓಡ್ಸುವಾಗ ಮುಖ ಹೇಗಿರ್ತದೆ ಅಂತ ಊರಿಗೆಲ್ಲ ಗೊತ್ತುಂಟು, ನಂಗೆ ಗೊತ್ತಿಲ್ಲ. ನಾನು ಬೆನ್ನು ಮಾತ್ರ ನೋಡಿದ್ದು. ಒಮ್ಮೆ ಎದುರಿಗೆ ನಿಂತು ನೋಡ್ಬೇಕು."