ಸುದ್ದಿಯ ದರದಲ್ಲಿ ಹೋಗದ ಮೂರು ಪದ

ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಲ್ಲಿಸಿದ ವರ್ಷ ನಾನು ಪ್ಲೇನೋದಲ್ಲಿ ಮಗಳ ಮನೆಯಲ್ಲಿದ್ದೆ. ಆಸ್ಟಿನ್‌ನಲ್ಲಿ ಓದುತ್ತಿದ್ದ ಮೊಮ್ಮಗಳಿಗೆ ಅದೇ ನೆಪವಾಯಿತು. ಹೊರದೇಶದ ಸುದ್ದಿಗೆ ಪತ್ರಿಕೆಗಳು ಎಷ್ಟು ತಂತಿ ದರ ತೆರುತ್ತಿದ್ದವು, ಅದು ಇಳಿದದ್ದು ಹೇಗೆ ಎಂದು ಕ್ಲಾಸಿಗೆ ಬರೆಯಬೇಕಂತೆ. ಎರಡು ವಾರಾಂತ್ಯ ಫೋನನ್ನು ನನ್ನ ಮುಂದಿಟ್ಟು ರೆಕಾರ್ಡ್ ಮಾಡಿಕೊಂಡಳು. ಕೇಳುವವರು ಸಿಕ್ಕರೆ ಮುದುಕನ ಬಾಯಿಗೆ ಬೀಗವೆಲ್ಲಿ? ಹೇಳಿದೆ. ಹೇಳಿ ಹೇಳಿ ಸುಸ್ತೂ ಆದೆ.

ವಯಸ್ಸಿನಲ್ಲಿದ್ದಾಗ ನಾನು ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ತಂತಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಪದಕ್ಕಿಷ್ಟು ಎಂದು ದರ. ಹಾಗಾಗಿ ಎರಡು ಮೂರು ಇಂಗ್ಲಿಷ್ ಪದಗಳನ್ನು ಅಂಟಿಸಿ ಒಂದೇ ಪದ ಮಾಡುವ ಉಪಾಯವನ್ನು ವರದಿಗಾರರಿಗೆ ನಾನೇ ಕಲಿಸುತ್ತಿದ್ದೆ. ಅಷ್ಟು ಮಾಡಿದರೂ ದರ ಕೈಗೆಟುಕುತ್ತಿರಲಿಲ್ಲ. ಸುದ್ದಿಗೆ ಇನ್ನೂ ಅಗ್ಗದ ದರ ಕೊಡಿ ಎಂದು ಕೇಳಲು ಮಾಲೀಕರು ನನ್ನನ್ನು ದೆಹಲಿಗೆ ಅಟ್ಟಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅಲ್ಲಿ ಬಾಗಿಲಿಗೊಬ್ಬ ಪೂಜಾರಿ. ವರ್ಷಗಟ್ಟಲೆ ಅವರ ಬೆಂಚುಗಳ ಮೇಲೆ ಕೂತು ಕೂತು ನನ್ನ ಹರೆಯವೇ ಸವೆಯಿತು. ಕೊನೆಗೂ ಒಪ್ಪಿದರು, ಒಂದು ಷರತ್ತಿನ ಮೇಲೆ. ಸುದ್ದಿಗೆ ಸಂಬಂಧಿಸದ ಒಂದು ಪದವೂ ಈ ದರದಲ್ಲಿ ಹೋಗುವುದಿಲ್ಲ ಎಂದು ನಾನು ಮುಚ್ಚಳಿಕೆ ಬರೆದುಕೊಡಬೇಕು. ಹೋದರೆ ದರ ರದ್ದು. ಬರೆದುಕೊಟ್ಟೆ. ಆ ಕಾಗದ ಹಿಡಿದು ರೈಲಿನಲ್ಲಿ ಬರುವಾಗ ನನ್ನಂಥ ಮನುಷ್ಯ ಇನ್ನೊಬ್ಬನಿಲ್ಲ ಅನ್ನಿಸಿತ್ತು.

ಮೊಮ್ಮಗಳಿಗೆ ಹೇಳಿದ ಕಥೆ ಇಲ್ಲಿಗೆ ಮುಗಿದಿತ್ತು. ಅವಳಿಗೆ ಸಾಲಲಿಲ್ಲ. ಆ ಕಾಲದ ಇನ್ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಇದ್ದ. ನಮ್ಮ ನೈರೋಬಿ ವರದಿಗಾರನಾಗಿದ್ದ ಧಾರವಾಡದ ಗೆಳೆಯ ಈಗ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಮಗನ ಜೊತೆ ಇದ್ದ. ಎಷ್ಟೋ ವರ್ಷದಿಂದ ಒಂದೇ ರಾಜ್ಯದಲ್ಲಿದ್ದೂ ದೂರದ ನೆಪ ಹೇಳಿ ನಾನು ತಪ್ಪಿಸಿಕೊಂಡಿದ್ದೆ. ಈಗ ಅವಳೇ ಡ್ರೈವ್ ಮಾಡುತ್ತೇನೆಂದ ಮೇಲೆ ನೆಪ ಉಳಿಯಲಿಲ್ಲ.

ದಾರಿ ನಾಲ್ಕು ಗಂಟೆಯದು. "ಆರ್ ಯು ಓಕೆ, ತಾತ?" ಎಂದು ಅವಳು ಎರಡು ಸಲ ಕೇಳಿದಳು. ಬೆನ್ನುನೋವು ಎಂದೆ. ಬೆನ್ನು ಚೆನ್ನಾಗಿಯೇ ಇತ್ತು.

ಮುಚ್ಚಳಿಕೆ ಬರೆದುಕೊಟ್ಟು ಎರಡು ತಿಂಗಳೂ ಆಗಿರಲಿಲ್ಲ. ಒಂದು ಮಧ್ಯಾಹ್ನ, ಬೆಂಗಳೂರಿನಲ್ಲೇ ಇದ್ದ ಗೆಳೆಯನ ಅಣ್ಣ ಕಚೇರಿಗೆ ಬಂದರು. ತಂದೆಗೆ ತೀರಾ ಸೀರಿಯಸ್, ತಮ್ಮನಿಗೆ ತಿಳಿಸಬೇಕು ಎಂದರು. ಇಂಥ ಸುದ್ದಿ ಕಳಿಸು ಎಂದು ನೈರೋಬಿಗೆ ನಾವು ದಿನವೂ ಅದೇ ಅಗ್ಗದ ದರದಲ್ಲಿ ತಂತಿ ಕೊಡುತ್ತಿದ್ದೆವು. ಅಂದಿನದು ನನ್ನ ಮೇಜಿನ ಮೇಲೇ ಇತ್ತು. ಕೊನೆಯಲ್ಲಿ ಮೂರು ಪದ ಸೇರಿಸಿದ್ದರೆ ಸಾಕಿತ್ತು. ನಾನು ಅವರಿಗೆ ಷರತ್ತು ವಿವರಿಸಿ, ತಂತಿ ಕಚೇರಿಗೆ ಹೋಗಿ ಪೂರಾ ದರ ಕೊಟ್ಟು ಕಳಿಸಿ ಎಂದೆ. ಅವರ ಬಳಿ ಅಷ್ಟು ಇರಲಿಲ್ಲ. ನನ್ನ ಜೇಬಿನಲ್ಲಿ ಸಂಬಳವಿತ್ತು. ಕೊಡಬೇಕೆಂದು ಹೊಳೆಯಲೇ ಇಲ್ಲ. ಇಷ್ಟು ವರ್ಷ ನನ್ನನ್ನು ಕೊರೆದದ್ದು ಅದೇ. ಅವರು ಏರ್‌ಮೇಲ್ ಪತ್ರ ಬರೆದರು. ಅದು ಮುಟ್ಟುವ ಹೊತ್ತಿಗೆ ಊರಲ್ಲಿ ತಂದೆ ತೀರಿಕೊಂಡು ವೈಕುಂಠ ಸಮಾರಾಧನೆಯೂ ಆಗಿತ್ತು. ಅಣ್ಣ ನಮ್ಮ ಕಚೇರಿಗೆ ಬಂದು ಹೋದದ್ದನ್ನು ತಮ್ಮನಿಗೆ ಹೇಳಲೇ ಇಲ್ಲ.

ಗೆಳೆಯ ಬಾಗಿಲಲ್ಲೇ ತಬ್ಬಿಕೊಂಡ. ಕಣ್ಣು ಮಂಜಾಗಿತ್ತು, ನೆನಪು ನೆಟ್ಟಗಿತ್ತು. ಸೊಸೆ ಅವಲಕ್ಕಿ, ಚಹಾ ತಂದಿಟ್ಟಳು. ಮೊಮ್ಮಗಳು ಫೋನಿಟ್ಟಳು. ಅವನು ನನ್ನನ್ನು ಹೊಗಳಲು ಶುರುಮಾಡಿದ. ಇವನು ದರ ಇಳಿಸದಿದ್ದರೆ ಪತ್ರಿಕೆ ನನ್ನನ್ನು ಮನೆಗೆ ಕಳಿಸುತ್ತಿತ್ತು, ನಾನು ಉಂಡ ಅನ್ನ ಇವನದು ಎಂದ. ಇನ್ನು ಕೇಳಲಾಗಲಿಲ್ಲ. ನಡುವೆಯೇ ಬಾಯಿ ಹಾಕಿ ಎಲ್ಲ ಹೇಳಿಬಿಟ್ಟೆ. ಅಣ್ಣ ಬಂದದ್ದು, ಮೇಜಿನ ಮೇಲಿದ್ದ ತಂತಿ, ಜೇಬಿನಲ್ಲಿದ್ದ ಸಂಬಳ, ಯಾವುದನ್ನೂ ಬಿಡಲಿಲ್ಲ.

"ತಪ್ಪಾಯ್ತು ಕಣೋ. ಮುಚ್ಚಳಿಕೆ ಬರೆದುಕೊಟ್ಟಿದ್ದೆ, ಹೆದರಿಬಿಟ್ಟೆ" ಎಂದೆ.

ಅವನು ಚಹಾದ ಕಪ್ಪನ್ನು ಕೆಳಗಿಟ್ಟ. ಮೊಮ್ಮಗಳು ರೆಕಾರ್ಡಿಂಗ್ ನಿಲ್ಲಿಸಿದಳು. ಅವನಿಗೆ ಸಿಟ್ಟು ಬರಲಿ, ಎದ್ದು ಹೋಗು ಅನ್ನಲಿ ಎಂದು ನಾನು ಕಾಯುತ್ತಿದ್ದೆ. ಅವನು ಬೆರಳು ಮಡಿಚಿ ಏನೋ ಎಣಿಸಿದ.

"ಮೂರು ಶಬ್ದ," ಎಂದ ಮೆಲ್ಲಗೆ. "ಕೂಡಿಸಿ ಒಂದ ಮಾಡಿದ್ರ, ಅದೂ ಯಾವುದೋ ಸುದ್ದೀದ ಅಂತ ತಂತಿ ಆಫೀಸಿನವ್ರು ಬಿಟ್ಟಬಿಡ್ತಿದ್ರು. ನಮಗೆಲ್ಲಾ ಅದನ್ನ ಕಲಿಸಿದಾಂವ ನೀನ ಅಲ್ಲೇನೋ?"

ಇದು ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ. ಅವನಿಗೆ ಹೊಳೆಯಲು ಒಂದೇ ನಿಮಿಷ ಸಾಕಾಯಿತು, ಯಾಕೆಂದರೆ ಹೋದದ್ದು ಅವನ ಅಪ್ಪ. ಹೊರಡುವಾಗ ಅವನು ನನ್ನ ಕೈ ಹಿಡಿದು, ಮತ್ತೆ ಬಾ ಎಂದ.