ಮೊಟ್ಟೆಯಕ್ಕ ಮತ್ತು ನಲವತ್ತು ಗುಳ್ಳೆಗಳು

ಬೆಳಗಿನ ಆರು ಗಂಟೆ. ಸಮುದ್ರ ಸಂಶೋಧನಾ ಕೇಂದ್ರದ ಹಿಂಬದಿ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಕೇಂದ್ರದವರೆಲ್ಲ ‘ಮೊಟ್ಟೆಯಕ್ಕ’ ಎಂದೇ ಕರೆಯುವ ಹೆಂಗಸು ಕನ್ನಡಕ ಒರೆಸಿಕೊಂಡು ಪರದೆಗೆ ಮುಖ ಕೊಟ್ಟು ಕೂತಿದ್ದಾರೆ. ಹಡಗಿನ ಹಿಂದೆ ನೀರಿನೊಳಗೆ ತೇಲುತ್ತಾ ಬಂದ ಕ್ಯಾಮೆರಾ ತೆಗೆದ ಚಿತ್ರಗಳು ಒಂದೊಂದಾಗಿ ಬರುತ್ತಿವೆ. ಎಲ್ಲವೂ ಸಾಸಿವೆಗಿಂತ ಚಿಕ್ಕ ಜೀವಗಳು. “ಇದು ಮೊಟ್ಟೆ. ಇದು ಏಡಿಮರಿ. ಇದು... ಸ್ವಲ್ಪ ತಡೀರಿ, ಮುಖ ತೋರಿಸ್ತಿಲ್ಲ.”

ದಿನಕ್ಕೆ ಸಾವಿರದ ಎಂಟುನೂರು ಚಿತ್ರ, ಹೀಗೆ ಆರು ವರ್ಷ. ಆ ಚಿತ್ರಗಳಿಗೆ ಅವರು ಬರೆದ ಹೆಸರುಗಳಿಂದಲೇ ಕಲಿತ ಕೃತಕ ಬುದ್ಧಿಮತ್ತೆ ಈಗ ಲಕ್ಷಾಂತರ ಚಿತ್ರಗಳನ್ನು ತಾನೇ ಗುರುತಿಸುತ್ತದೆ. ಮೀನಿನ ಮೊಟ್ಟೆ ಹೆಚ್ಚಿದೆ ಎಂದು ಅದು ತೋರಿಸಿದ ಕಡೆ ಎರಡು ತಿಂಗಳು ಬಲೆ ಬೀಸುವಂತಿಲ್ಲ. ಹಿಂದೆ ಬಂದರಿನಲ್ಲಿ ಮೀನು ವಿಂಗಡಿಸುತ್ತಿದ್ದ, ಹತ್ತನೇ ಕ್ಲಾಸೂ ದಾಟದ ಈ ಹೆಂಗಸು ಅಂಥ ಯಂತ್ರಕ್ಕೆ ಗುರು ಎಂದು ಕೇಳಿಯೇ ನಾನು ಪತ್ರಿಕೆಗಾಗಿ ಅವರನ್ನು ಮಾತಾಡಿಸಲು ಬಂದದ್ದು.

ಗುರು ಒಮ್ಮೆ ಎಡವಿದ್ದೂ ಉಂಟು. ಕಳೆದ ವರ್ಷ ಉತ್ತರದ ನೀರಿನಲ್ಲಿ ರಾಶಿ ರಾಶಿ ಮೊಟ್ಟೆಯಿದೆ ಎಂದಿತು ಯಂತ್ರ. ನಿಷೇಧದ ಆದೇಶ ಸಹಿಗೆ ಹೊರಟಿತ್ತು. ಅಷ್ಟರಲ್ಲಿ ಅಕ್ಕನ ಕಣ್ಣಿಗೆ ಬಿದ್ದದ್ದು, ಸಾಲಾಗಿ ನಲವತ್ತು ಚಿತ್ರಗಳಲ್ಲಿ ಮೊಟ್ಟೆ ಒಂದೇ ಮೂಲೆಯಲ್ಲಿ!

“ತೇಲೋ ಮೊಟ್ಟೆ ಒಂದೇ ಕಡೆ ಕೂತಿರತ್ತಾ? ಕ್ಯಾಮೆರಾ ಗಾಜಿಗೆ ಅಂಟಿದ ಗಾಳಿಗುಳ್ಳೆ ಅದು. ಹಿಂದೆ ಅಂಥದ್ದನ್ನ ಮೊಟ್ಟೆ ಅಂತ ಬರ್ದಿದ್ದು ನಾನೇ. ಪಾಪ, ಹೇಳ್ಕೊಟ್ಟಿದ್ದನ್ನೇ ಒಪ್ಪಿಸ್ತು.”

ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕ ನೇರ ಮುಖ್ಯಸ್ಥರ ಬಳಿ ಹೋಗಿ ತಪ್ಪೊಪ್ಪಿಕೊಂಡರು. ಮೂರು ವಾರ ಕೂತು ಹನ್ನೊಂದು ಸಾವಿರ ಹಳೆಯ ಚಿತ್ರಗಳನ್ನು ತಿದ್ದಿದರು. ಯಂತ್ರ ಹೊಸದಾಗಿ ಕಲಿತು ಮತ್ತೆ ಹುಡುಕಿದಾಗ ನಿಜವಾದ ಮೊಟ್ಟೆಗಳು ಸಿಕ್ಕಿದ್ದು ದಕ್ಷಿಣದ ನೀರಿನಲ್ಲಿ. ನಿಷೇಧ ಅಲ್ಲಿಗೆ ಬಂತು. ಅದು ಅಕ್ಕನ ಒಡಹುಟ್ಟಿದ ತಮ್ಮ ಬಲೆ ಬೀಸುವ ಜಾಗ.

“ಊಟದ ತಟ್ಟೆ ಬಿಟ್ಟು ಎದ್ದು ಹೋದ. ‘ಸುಮ್ನಿದ್ದಿದ್ರೆ ನಿನ್ ಗಂಟೇನು ಹೋಗ್ತಿತ್ತು?’ ಅಂದ. ನನಗೂ ಅಳು ಬಂತು. ಆದ್ರೆ ಮೊಟ್ಟೆ ಇದ್ದಿದ್ದು ಅಲ್ಲೇ ಅಲ್ವಾ?”

ಒಂದು ತಿಂಗಳು ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಆಮೇಲೊಂದು ಬೆಳಿಗ್ಗೆ ತಮ್ಮ ತಾನಾಗಿ ಈ ಕೋಣೆಗೆ ಬಂದು, “ಎಲ್ಲಿದೆ, ತೋರ್ಸು” ಎಂದ. ಅಕ್ಕ ಒಂದು ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದರು. ನನಗೂ ಅದನ್ನೇ ತೋರಿಸುತ್ತಾರೆ. ಗಾಜಿನಂಥ ಮೊಟ್ಟೆಯೊಳಗೆ ಸುತ್ತಿಕೊಂಡು ಮಲಗಿದ ಮರಿ, ಅದಕ್ಕೆ ಎರಡು ಕಪ್ಪು ಕಣ್ಣು. ನಾನು ಪ್ರಶ್ನೆಗಳ ಹಾಳೆ ಕೆಳಗಿಟ್ಟು ಪರದೆಯ ಹತ್ತಿರ ಬಗ್ಗುತ್ತೇನೆ.

“ಅವನೂ ಹೀಗೇ ಬಗ್ಗಿ ನೋಡ್ದ. ‘ಮೂವತ್ತು ವರ್ಷ ಮೀನು ಹಿಡಿದಿದೀನಿ ಅಕ್ಕಾ, ಒಂದೂ ನನ್ನ ಹೀಗೆ ನೋಡಿರ್ಲಿಲ್ಲ’ ಅಂದ.”

ನಿಮಗೇನು ಆಸೆ ಎಂದರೆ ಮುಂದಿನ ಚಿತ್ರದಿಂದ ಕಣ್ಣು ತೆಗೆಯದೆ ನಗುತ್ತಾರೆ. “ಈ ಮರಿ ಚೆನ್ನಾಗಿ ಬೆಳೀಲಿ. ಬೆಳೆದು ದೊಡ್ಡದಾದ್ಮೇಲೆ, ನನ್ನ ತಮ್ಮನ ಬಲೆಗೇ ಬೀಳ್ಲಿ.”