ಎಡದವಡೆಯ ಲೆಕ್ಕ

ನಮ್ಮ ಚಿಕ್ಕಮ್ಮನಿಗೆ ದ್ವೀಪದಲ್ಲೆಲ್ಲ ‘ಗೂಬೆಯಕ್ಕ’ ಎಂದೇ ಹೆಸರು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು, ಅವಳು ನಗುತ್ತಿದ್ದಳು. ತೋಟದವರು ಇಲಿಕಾಟ ತಾಳಲಾರದೆ ತೆಂಗಿನ ಮರಗಳಿಗೆ ಪೆಟ್ಟಿಗೆ ಕಟ್ಟಿಸಿದ್ದರು, ಅವುಗಳಲ್ಲಿ ಗೂಬೆಗಳು ಗೂಡು ಮಾಡುತ್ತಿದ್ದವು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮೂಳೆಗಳನ್ನು ಉಂಡೆಯಾಗಿ ಕಕ್ಕುತ್ತದೆ. ಆ ಉಂಡೆಗಳನ್ನು ಆಯ್ದು ತಂದು, ಬಿಸಿನೀರಲ್ಲಿ ನೆನೆಸಿ, ಸೂಜಿಯಿಂದ ಬಿಡಿಸಿ, ಯಾವ ಗೂಡಿನವರು ಏನು ತಿಂದರೆಂದು ಬರೆದಿಡುವುದೇ ಹದಿನಾಲ್ಕು ವರ್ಷಗಳಿಂದ ಅವಳ ನೌಕರಿ.

ಇಲಿಯ ಕೆಳದವಡೆ ಉಂಡೆಯೊಳಗೆ ಎರಡಾಗಿ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಎಡದ್ದನ್ನು ಮಾತ್ರ ಎಣಿಸಬೇಕು, ಇದು ಅವಳದೇ ಕಟ್ಟಪ್ಪಣೆ. ನನ್ನ ಅಮ್ಮ ಆಸ್ಪತ್ರೆಯಲ್ಲಿದ್ದ ತಿಂಗಳು, ಚಿಕ್ಕಮ್ಮ ತನ್ನ ಅಕ್ಕನ ಹಾಸಿಗೆಗೂ ಕೆಲಸದ ಮೇಜಿಗೂ ಓಡಾಡುತ್ತ, ಎಡ ಬಲ ಎರಡನ್ನೂ ಎಣಿಸಿಬಿಟ್ಟಳು. ಕಾಗದದ ಮೇಲೆ ಇಲಿಗಳು ಇಮ್ಮಡಿಯಾದವು. ತೋಟದಲ್ಲಿ ಇಲಿ ಅಷ್ಟು ಹೆಚ್ಚಿವೆ, ಗೂಬೆಗಳ ಕೈಲಿ ಇನ್ನಾಗದೆಂದು ಮ್ಯಾನೇಜರು ತೋಟಕ್ಕೆಲ್ಲ ಇಲಿಪಾಷಾಣ ಹಾಕಿಸಿದ.

ಏಳನೇ ಪೆಟ್ಟಿಗೆಯ ಗಂಡು ಗೂಬೆ ವಿಷದ ಇಲಿ ತಿಂದು ಸತ್ತಿತು. ಉಳಿದದ್ದು ತಾಯಿ ಮತ್ತು ನಾಲ್ಕು ಮರಿ. ಉಂಡೆಗಳಲ್ಲಿ ಬರೀ ಜೀರುಂಡೆ ರೆಕ್ಕೆ, ಹಲ್ಲಿಯ ಬಾಲ. ಚಿಕ್ಕಮ್ಮನಿಗೆ ಅನುಮಾನ ಬಂದು, ಎತ್ತಿಟ್ಟಿದ್ದ ದವಡೆಗಳ ಸೀಸೆ ಸುರಿದು ಮತ್ತೆ ಎಣಿಸಿದಳು.

“ಎರಡೂ ಎಣಿಸಿಬಿಟ್ಟಿದೀನಿ ಕಣೇ. ಅವುಗಳ ಅನ್ನಕ್ಕೆ ನಾನೇ ಮಣ್ಣು ಹಾಕ್ದೆ.”

“ಸುಮ್ನಿರು, ಯಾರಿಗೆ ಗೊತ್ತಾಗುತ್ತೆ?” ಎಂದೆ. ಈಗ ನಾಚಿಕೆಯಾಗುತ್ತದೆ.

ಅವಳು ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋಗಿ ಲೆಕ್ಕ ತಪ್ಪಿದ್ದನ್ನು ಹೇಳಿದಳು. ಹಿಂದೆಯೇ ನಾನೂ. ಅವನು ಕನ್ನಡಕ ಒರೆಸುತ್ತ, “ಹಕ್ಕಿಗಳೇ ಸೋಮಾರಿ ಆಗಿವೆ ಅಂತ ಬರೀರಿ, ಮುಗೀತು” ಎಂದ.

“ತಪ್ಪು ನಂದು ಸಾರ್. ಅವುಗಳ ಮೇಲೆ ಗೂಬೆ ಕೂರಿಸ್ಬೇಡಿ!”

ಆ ಬಡ್ಡಿಮಗ ನಕ್ಕುಬಿಟ್ಟ. ಚಿಕ್ಕಮ್ಮ ನಗಲಿಲ್ಲ, ಕುರ್ಚಿ ಬಿಟ್ಟು ಏಳಲೂ ಇಲ್ಲ. ಸಂಜೆಗೆ ಅಂತೂ ಪಾಷಾಣ ನಿಲ್ಲಿಸಲು ಒಪ್ಪಿದ. ಆದರೆ ಒಪ್ಪಿದ ಮಾತ್ರಕ್ಕೆ ಸತ್ತ ಇಲಿಗಳು ಎದ್ದು ಬರುತ್ತವೆಯೇ? ಮರಿಗಳಿಗೆ ಉಣಿಸಲೆಂದು ಮನೆ ಮನೆ ತಿರುಗಿ ಇಲಿಬೋನು ಇಟ್ಟಳು. ಆರು ದಿನಕ್ಕೆ ಸಿಕ್ಕಿದ್ದು ಒಂದು ಸುಂಡಿಲಿ.

ಏಳನೆಯ ದಿನ ಏಳನೇ ಪೆಟ್ಟಿಗೆಯ ಕೆಳಗೆ ದೊಡ್ಡ ಉಂಡೆ ಸಿಕ್ಕಿತು. ಏನೋ ಹೊಟ್ಟೆತುಂಬ ತಿಂದಿವೆ ಎಂದು ಇಬ್ಬರೂ ಹಿಗ್ಗಿದೆವು. ನೆನೆಸಿ ಬಿಡಿಸಿದರೆ ದವಡೆಯೂ ಇಲ್ಲ, ಹಲ್ಲೂ ಇಲ್ಲ. ಎಳೆಯ ಮೂಳೆ, ಬಿಳಿ ತುಪ್ಪುಳು, ಬಾಗಿದ ಪುಟ್ಟ ಕೊಕ್ಕು. ದೊಡ್ಡ ಮರಿ ಹಸಿವು ತಾಳದೆ ತನ್ನ ತಂಗಿಯನ್ನೋ ತಮ್ಮನನ್ನೋ ತಿಂದಿತ್ತು.

“ಇದನ್ನ ಬರೀಬೇಡ ಚಿಕ್ಕಮ್ಮ” ಎಂದು ಕೈ ಹಿಡಿದುಕೊಂಡೆ.

“ತಿಂದಿದ್ದನ್ನ ಬರೀಲೇಬೇಕು” ಎಂದು ಕೈ ಬಿಡಿಸಿಕೊಂಡಳು. ಆಹಾರ ಎಂಬ ಕಡೆ ದುಂಡಗೆ ಬರೆದಳು: ಗೂಬೆಮರಿ, ಒಂದು.